ಬಿಲ್ ಕೇಳಿ ಪಡೆದವರಿಗೆ ಬಹುಮಾನ: ಕೊಡಗಿನ ಅಂಗಡಿಗಳಿಗೆ ಇದು ಒಗ್ಗುವುದೇ?

ಪ್ರಶ್ನೆ (ಮಡಿಕೇರಿಯ ವ್ಯಾಪಾರಿ)

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಕಾಫಿ ಪುಡಿ, ಏಲಕ್ಕಿ, ಕರಿಮೆಣಸು, ಜೇನು ಮತ್ತು ಮನೆಯಲ್ಲಿ ತಯಾರಿಸಿದ ಚಾಕೊಲೇಟ್ ಮಾರುವ ಚಿಕ್ಕ ಅಂಗಡಿಯೊಂದನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿದ್ದೇನೆ. ಹುತ್ತರಿ ಕಳೆದ ವಾರ ನಮ್ಮ ಬೀದಿಯ ವ್ಯಾಪಾರಿಗಳೆಲ್ಲ ಒಂದೆಡೆ ಸೇರಿದ್ದಾಗ, ಯುಪಿಐ ಮೂಲಕ ಹಣ ಪಾವತಿಸಿ ಬಿಲ್ ಕೇಳಿ ಪಡೆಯುವ ಗಿರಾಕಿಗಳಿಗೆ ಸರ್ಕಾರವೇ ಚೀಟಿ ಎತ್ತಿ ಬಹುಮಾನ ಕೊಡುವ ಯೋಜನೆಯನ್ನು ಕರ್ನಾಟಕದಲ್ಲಿಯೂ ತರಬೇಕೆಂದು ಮನವಿ ಸಲ್ಲಿಸೋಣ ಎಂದು ಯುವ ವ್ಯಾಪಾರಿಯೊಬ್ಬರು ಸಲಹೆ ಕೊಟ್ಟರು. ಕೆಲವರು ಒಪ್ಪಿದರು. ಇನ್ನು ಕೆಲವರು, ಇರುವ ತಲೆನೋವು ಸಾಲದೇ ಎಂದು ಎದ್ದುಹೋದರು.

ಎದ್ದುಹೋದವರ ಮನಸ್ಸು ನನಗೆ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ ಮೇಲೆ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಹಾಳೆಯನ್ನು ಕಿತ್ತು ‘ನಗದು ಮಾತ್ರ’ ಎಂಬ ಬೋರ್ಡು ತೂಗುಹಾಕಿದ್ದನ್ನು ನಾವೆಲ್ಲರೂ ನೋಡಿದ್ದೇವೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ನಮ್ಮ ಶುಕ್ರವಾರದ ಸಂತೆಯಲ್ಲಿ ಎಲ್ಲರ ಬಾಯಲ್ಲಿಯೂ ಇತ್ತು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಆ ತಿಂಗಳೇ ತಿಳಿಸಿದರೂ, ಒಮ್ಮೆ ಹುಟ್ಟಿದ ಅಂಜಿಕೆ ಹೋಗಿಲ್ಲ.

ತಿಳಿದವರಲ್ಲಿ ನನ್ನ ವಿನಂತಿ ಇಷ್ಟೆ. ಇಂತಹ ಬಹುಮಾನದಿಂದ ಬೇರೆ ಕಡೆಗಳಲ್ಲಿ ತೆರಿಗೆ ಸಂಗ್ರಹ ನಿಜವಾಗಿ ಹೆಚ್ಚಿದೆಯೇ, ಅಥವಾ ನಾಲ್ಕು ದಿನದ ಉತ್ಸಾಹವಾಗಿ ಮುಗಿದಿದೆಯೇ? 2007ರಿಂದ ಲಾಟರಿ ನಿಷೇಧವಿರುವ ನಮ್ಮ ರಾಜ್ಯದಲ್ಲಿ ಇದಕ್ಕೆ ಅಡ್ಡಿ ಇದೆಯೇ? ಮಳೆಗಾಲದಲ್ಲಿ ಕರೆಂಟೂ ಟವರೂ ಇಲ್ಲದ ಊರುಗಳ ಜನರಿಗೆ ಇದರಿಂದ ಅನ್ಯಾಯವಾಗದೇ? ಮನವಿ ಬರೆಯುವ ಕೆಲಸವನ್ನು ನನಗೇ ವಹಿಸಿರುವುದರಿಂದ, ಸರಿಯಾಗಿ ತಿಳಿದುಕೊಳ್ಳದೆ ಒಂದು ಸಾಲನ್ನೂ ಬರೆಯಲು ನನಗೆ ಮನಸ್ಸಿಲ್ಲ.

ಉತ್ತರ 1 (ಕುಶಾಲನಗರದ ತೆರಿಗೆ ಸಲಹೆಗಾರ)

ಮಾನ್ಯರೇ, ತಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಹೆಣೆದುಕೊಂಡಿವೆ. ಹಣ ಪಾವತಿಸುವ ವಿಧಾನ ಒಂದು, ಬಿಲ್ ಕೊಡುವುದು ಇನ್ನೊಂದು. ಯುಪಿಐಯಲ್ಲಿ ಹಣ ಬಂದ ಮಾತ್ರಕ್ಕೆ ಬಿಲ್ ಬರೆದಂತಾಗುವುದಿಲ್ಲ; ನಗದು ಬಂದಿತೆಂದ ಮಾತ್ರಕ್ಕೆ ಬಿಲ್ ಬರೆದಿಲ್ಲವೆಂದೂ ಅಲ್ಲ. ಬಹುಮಾನವನ್ನು ಯಾವುದಕ್ಕೆ ಕಟ್ಟುತ್ತೇವೆ ಎಂಬುದರ ಮೇಲೆಯೇ ಅದರ ಫಲ ನಿಂತಿದೆ.

ನಮ್ಮ ದೇಶ ಈ ಎರಡನ್ನೂ ಮಾಡಿ ನೋಡಿದೆ. ನೋಟು ರದ್ದತಿಯ ಬೆನ್ನಿಗೆ, 2016ರ ಡಿಸೆಂಬರ್ 25ರಿಂದ 2017ರ ಏಪ್ರಿಲ್ 14ರವರೆಗೆ, ಗ್ರಾಹಕರಿಗಾಗಿ ಲಕ್ಕಿ ಗ್ರಾಹಕ್ ಯೋಜನೆಯೂ ವ್ಯಾಪಾರಿಗಳಿಗಾಗಿ ಡಿಜಿಧನ್ ವ್ಯಾಪಾರ್ ಯೋಜನೆಯೂ ನಡೆದವು. 50 ರೂಪಾಯಿಯಿಂದ 3,000 ರೂಪಾಯಿಯೊಳಗಿನ ಯುಪಿಐ, ರುಪೇ ಕಾರ್ಡು, ಆಧಾರ್ ಆಧಾರಿತ ಪಾವತಿ ಹಾಗೂ ಸಾದಾ ಫೋನಿನ ಪಾವತಿಗಳು ಮಾತ್ರ ಅದರಲ್ಲಿ ಸೇರುತ್ತಿದ್ದವು. ಪ್ರತಿದಿನ 15,000 ಜನರಿಗೆ ತಲಾ 1,000 ರೂಪಾಯಿ ಸಿಗುತ್ತಿತ್ತು, ಕೊನೆಯ ದೊಡ್ಡ ಬಹುಮಾನ ಒಂದು ಕೋಟಿ. ಆಗ ಅದರ ಉದ್ದೇಶ ಜನರಿಗೆ ಹೊಸ ಅಭ್ಯಾಸ ಹಿಡಿಸುವುದಾಗಿತ್ತು. ಇಂದು ಆ ಅಭ್ಯಾಸಕ್ಕೆ ಆಮಿಷ ಬೇಕಾಗಿಲ್ಲ. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಆದ್ದರಿಂದ ಪಾವತಿಗೆ ಬಹುಮಾನ ಕೇಳುವ ಮನವಿ ಈಗ ಅನಗತ್ಯವೆಂದೇ ನನ್ನ ಅಭಿಪ್ರಾಯ.

ಬಿಲ್ಲಿಗೆ ಬಹುಮಾನ ಕೊಡುವ ‘ಮೇರಾ ಬಿಲ್ ಮೇರಾ ಅಧಿಕಾರ್’ ಯೋಜನೆ 2023ರ ಸೆಪ್ಟೆಂಬರ್ 1ರಂದು ಅಸ್ಸಾಂ, ಗುಜರಾತ್, ಹರಿಯಾಣ, ಪುದುಚೇರಿ ಮತ್ತು ದಾದ್ರಾ ನಗರ್ ಹವೇಲಿ ಹಾಗೂ ದಮನ್ ದಿಯುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಗ್ರಾಹಕರು 200 ರೂಪಾಯಿಗಿಂತ ಕಡಿಮೆಯಿಲ್ಲದ ಬಿಲ್ಲುಗಳನ್ನು, ತಿಂಗಳಿಗೆ 25ರವರೆಗೆ, ಆ್ಯಪ್‌ನಲ್ಲಿ ಸೇರಿಸಬೇಕಿತ್ತು. ತಿಂಗಳಿಗೆ 10,000 ರೂಪಾಯಿಯ 800 ಬಹುಮಾನಗಳು, 10 ಲಕ್ಷದ 10 ಬಹುಮಾನಗಳು. ಮೂರು ತಿಂಗಳಿಗೊಮ್ಮೆ ಒಂದು ಕೋಟಿಯ ಎರಡು ಬಹುಮಾನಗಳು. 200 ರೂಪಾಯಿಯ ಮಿತಿ ಸುಮ್ಮನೆ ಬಂದದ್ದಲ್ಲ. ಅದಕ್ಕಿಂತ ಕಡಿಮೆ ಮೊತ್ತದ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಬಿಡಿ ಬಿಲ್ ಬರೆಯದೆ, ದಿನದ ಕೊನೆಗೆ ಒಟ್ಟು ಬಿಲ್ಲೊಂದನ್ನು ಬರೆಯಲು ಜಿಎಸ್‌ಟಿ ಕಾಯ್ದೆಯಲ್ಲಿಯೇ ಅವಕಾಶವಿದೆ.

ಇನ್ನು ಬೇರೆ ದೇಶಗಳ ವಿಚಾರ. ಇದರ ಹಿರಿಯಣ್ಣನೆಂದರೆ ತೈವಾನ್. ಅಲ್ಲಿ ಈ ಪದ್ಧತಿ 1951ರಲ್ಲಿಯೇ ಆರಂಭವಾಯಿತು. ಈಗ ಅಂಗಡಿಯ ಬಿಲ್ಲಿನ ಮೇಲೆ ಎಂಟು ಅಂಕಿಯ ಸಂಖ್ಯೆ ಇರುತ್ತದೆ, ಎರಡು ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರೆ. ಮೊದಲ ವರ್ಷದಲ್ಲಿಯೇ ತೆರಿಗೆ ಸಂಗ್ರಹ 2 ಕೋಟಿ 90 ಲಕ್ಷ ತೈವಾನ್ ಡಾಲರಿನಿಂದ 5 ಕೋಟಿ 10 ಲಕ್ಷಕ್ಕೆ ಏರಿತು. ಮೇಲಿನ ಬಹುಮಾನ ಒಂದು ಕೋಟಿ ತೈವಾನ್ ಡಾಲರ್ ಆಗಿದ್ದರೂ, ಕೊನೆಯ ಮೂರು ಅಂಕಿ ಹೊಂದಿದರೆ 200 ಡಾಲರ್ ಸಿಗುವುದರಿಂದ ನೆರೆಮನೆಯವರಿಗೋ ತನಗೋ ಬಹುಮಾನ ಬಂದದ್ದನ್ನು ಪ್ರತಿಯೊಬ್ಬರೂ ಕಂಡಿರುತ್ತಾರೆ. ಈ ಸಣ್ಣ ಬಹುಮಾನವೇ ಯೋಜನೆಯ ಜೀವಾಳವೆಂದು ನಾನು ತಿಳಿದಿದ್ದೇನೆ.

ಬ್ರೆಜಿಲ್ ದೇಶದ ಸಾವೊ ಪೌಲೊ ರಾಜ್ಯವು 2007ರಲ್ಲಿ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಗಿರಾಕಿ ತನ್ನ ತೆರಿಗೆ ಸಂಖ್ಯೆಯನ್ನು ಅಂಗಡಿಯಲ್ಲಿ ಹೇಳುತ್ತಾನೆ, ಅಂಗಡಿಯವರು ಆ ಬಿಲ್ಲನ್ನು ಸರ್ಕಾರಕ್ಕೆ ಕಳುಹಿಸುತ್ತಾರೆ, ಗಿರಾಕಿ ಮನೆಗೆ ಹೋಗಿ ತನ್ನ ಬಿಲ್ ನಿಜವಾಗಿಯೂ ಸೇರಿದೆಯೇ ಎಂದು ಜಾಲತಾಣದಲ್ಲಿ ನೋಡುತ್ತಾನೆ, ಸೇರದಿದ್ದರೆ ದೂರು ಕೊಡುತ್ತಾನೆ. ಅಂಗಡಿ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ಗಿರಾಕಿಗಳಿಗೆ ಮರಳುತ್ತದೆ, ಜೊತೆಗೆ ಲಾಟರಿಯೂ ಇದೆ. ಜೋವಾನಾ ನರಿಟೋಮಿ ಎಂಬ ಅರ್ಥಶಾಸ್ತ್ರಜ್ಞೆ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಚಿಲ್ಲರೆ ಅಂಗಡಿಗಳು ಲೆಕ್ಕಕ್ಕೆ ತೋರಿಸಿದ ಮಾರಾಟ ನಾಲ್ಕು ವರ್ಷಗಳಲ್ಲಿ ಶೇ 21ರಷ್ಟು ಹೆಚ್ಚಿತು.

ನಮ್ಮಲ್ಲಿ ಕೊರತೆಯಿರುವುದು ಇಲ್ಲಿಯೇ. ಗ್ರಾಹಕರಿಗೆ ಕೊಟ್ಟ ಸಣ್ಣ ಬಿಲ್ಲುಗಳನ್ನು ನಾವು ಇಲಾಖೆಗೆ ಸಲ್ಲಿಸುವ ಲೆಕ್ಕಪತ್ರವಾದ ರಿಟರ್ನ್‌ನಲ್ಲಿ ಒಂದೊಂದಾಗಿ ತೋರಿಸುವುದಿಲ್ಲ, ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತೇವೆ. ಹಾಗಾಗಿ ಗಿರಾಕಿ ತನ್ನ ಬಿಲ್ಲಿನ ಚಿತ್ರ ಕಳುಹಿಸಿದರೂ, ಆ ಬಿಲ್ ಒಟ್ಟು ಮೊತ್ತದೊಳಗೆ ಸೇರಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಆ ಕಡೆಯಲ್ಲಿ ಏನೂ ಇರುವುದಿಲ್ಲ.

ಕೊನೆಯದಾಗಿ ಒಂದು ಲೆಕ್ಕ. ತಮ್ಮ ಬೀದಿಯಲ್ಲಿಯೇ ಪ್ರವಾಸಿಯೊಬ್ಬರು 2,000 ರೂಪಾಯಿಯ ಚಾಕೊಲೇಟ್ ಕೊಂಡರೆಂದು ಇಟ್ಟುಕೊಳ್ಳಿ. ‘ಬಿಲ್ ಬೇಕಾದರೆ ಟ್ಯಾಕ್ಸ್ ಸೇರುತ್ತದೆ ಸಾರ್’ ಎಂಬ ಮಾತು ಗಲ್ಲಾದ ಹಿಂದಿನಿಂದ ಬಂದಾಗ, ಶೇ 18ರ ದರವಿದ್ದ ಕಾಲದಲ್ಲಿ ಬಿಲ್ ಬೇಡವೆಂದವರಿಗೆ 360 ರೂಪಾಯಿ ಆ ಕ್ಷಣದಲ್ಲಿಯೇ ಉಳಿಯುತ್ತಿತ್ತು. ಕೈಗೆ ಬಂದ 360 ರೂಪಾಯಿಯನ್ನು ಬಿಟ್ಟು ಎಂದೋ ಬರಬಹುದಾದ 10,000ಕ್ಕೆ ಕಾಯುವವರು ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟಿನ ದರ ಶೇ 5ಕ್ಕೆ ಇಳಿದಿದೆ, ಉಳಿತಾಯ 100 ರೂಪಾಯಿಗೆ ಬಂದಿದೆ. ಬಿಲ್ ಬೇಡವೆನ್ನುವ ಆಸೆ ಇಷ್ಟು ತಗ್ಗಿರುವಾಗಲೇ ಬಹುಮಾನಕ್ಕೆ ಬೆಲೆ ಬರುತ್ತದೆ. ಹತ್ತು ವರ್ಷಗಳ ಹಿಂದೆ ತಾವು ಇದೇ ಪ್ರಶ್ನೆ ಕೇಳಿದ್ದರೆ ನಾನು ಬೇಡವೆನ್ನುತ್ತಿದ್ದೆ.

ಉತ್ತರ 2 (ಗಾಳಿಬೀಡು ಕಡೆಯ ಹೋಂಸ್ಟೇ ನಡೆಸುವವರು)

ಮೇಲಿನ ಉತ್ತರದಿಂದ ಬಹಳ ತಿಳಿದುಕೊಂಡೆ, ಧನ್ಯವಾದಗಳು. ಆದರೆ ಬಿಲ್ ಕೊಡಲಾಗದವರ ಕಡೆಯಿಂದಲೂ ಒಂದು ಮಾತು ಹೇಳಬೇಕಾಗಿದೆ.

ನಮ್ಮದು ಮೂರು ಕೋಣೆಗಳ ಹೋಂಸ್ಟೇ. ನಾನೂ ನಮ್ಮ ಅತ್ತೆಯವರೂ ಅಡುಗೆ ಮಾಡುತ್ತೇವೆ, ಯಜಮಾನರು ತೋಟ ನೋಡಿಕೊಂಡು ಅತಿಥಿಗಳನ್ನು ಸುತ್ತಾಡಿಸುತ್ತಾರೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ನಮ್ಮ ವಹಿವಾಟು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಅತಿಥಿಯೊಬ್ಬರು ಹೊರಡುವಾಗ ಜಿಎಸ್‌ಟಿ ಬಿಲ್ ಕೇಳಿದರು. ನಮಗೆ ನೋಂದಣಿ ಇಲ್ಲ, ರಸೀದಿ ಬರೆದುಕೊಡುತ್ತೇನೆ ಎಂದಾಗ ಅವರು ತಮ್ಮ ಮಕ್ಕಳ ಎದುರಿಗೇ ‘ಇಲ್ಲೆಲ್ಲ ಹೀಗೆಯೇ, ತೆರಿಗೆ ತಪ್ಪಿಸುವುದೇ ಕೆಲಸ’ ಎಂದರು. ನಾನು ರಸೀದಿ ಪುಸ್ತಕ ಕೈಯಲ್ಲಿ ಹಿಡಿದು ನಿಂತೇ ಇದ್ದೆ, ಅವರ ಕಾರು ಗೇಟು ದಾಟಿಹೋಯಿತು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಬಿಲ್ಲಿಗೆ ಕೋಟಿ ರೂಪಾಯಿಯ ಬಹುಮಾನ ಬಂದರೆ, ಕಾನೂನಿನ ಪ್ರಕಾರವೇ ನೋಂದಣಿಯಿಂದ ಹೊರಗಿರುವ ನಮ್ಮಂಥವರು ಪ್ರತಿ ಅತಿಥಿಯ ಕಣ್ಣಿನಲ್ಲಿಯೂ ಕಳ್ಳರಂತೆ ಕಾಣುತ್ತೇವೆ ಎಂಬ ಭಯ ನನಗಿದೆ. ಮನವಿಯಲ್ಲಿ ಇದನ್ನು ದಯವಿಟ್ಟು ಬರೆಯಿರಿ.

ಪಾವತಿಯ ವಿಷಯ ಇನ್ನೂ ಕಷ್ಟದ್ದು. ಜೋರು ಮಳೆಯ ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಕಳೆದ ಮಳೆಗಾಲದಲ್ಲಿ ಅತಿಥಿಯೊಬ್ಬರು ಕೊಡೆ ಹಿಡಿದು ನಮ್ಮ ಕಾಫಿ ಕಣದ ಮೂಲೆಗೆ ಹೋಗಿ, ಅಲ್ಲಿ ಮಾತ್ರ ಒಂದು ಗೆರೆ ಸಿಗ್ನಲ್ ಬರುವುದರಿಂದ, ಕೈಯೆತ್ತಿ ಫೋನು ಹಿಡಿದು ಹಣ ಕಳುಹಿಸಿದರು. ಅವರ ಖಾತೆಯಿಂದ ಹಣ ಹೋಯಿತು, ನಮ್ಮ ಖಾತೆಗೆ ಎರಡು ದಿನ ಬರಲಿಲ್ಲ. ಬ್ಯಾಂಕಿನ ಶಾಖೆಗೆ ಹೋದರೆ ಕಾಯಿರಿ ಎಂದರು. ಅತಿಥಿಗಳು ಮತ್ತೆ ಮತ್ತೆ ಫೋನು ಮಾಡಿ ತಾವು ಮೋಸ ಮಾಡಿಲ್ಲವೆಂದು ಹೇಳಬೇಕಾಯಿತು. ಪಾಪ, ಅವರ ತಪ್ಪೇನಿತ್ತು? ಡಿಜಿಟಲ್ ಪಾವತಿಗೆ ಮಾತ್ರ ಚೀಟಿ ಎತ್ತುವ ಯೋಜನೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೋಬಳಿಯೇ ಅದರಿಂದ ಹೊರಗಿರುತ್ತದೆ.

ಉತ್ತರ 3 (ವಿರಾಜಪೇಟೆಯ ನಿವೃತ್ತ ಶಿಕ್ಷಕ)

ಲಾಟರಿ ಎಂಬ ಹೆಸರೇ ನನಗೆ ಹಿಡಿಸುವುದಿಲ್ಲ, ಅದಕ್ಕೆ ಕಾರಣವಿದೆ. ಕೇರಳ ಸರ್ಕಾರವು 1967ರಿಂದ ಲಾಟರಿ ನಡೆಸುತ್ತಿದೆ, ನಮ್ಮ ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಕಣ್ಣೂರು ಜಿಲ್ಲೆ. ತೋಟದ ಲೈನ್ ಮನೆಗಳಲ್ಲಿರುವ ಕೂಲಿಕಾರರ ಮಕ್ಕಳಿಗೆ ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ವಾರದ ಬಟವಾಡೆಯಲ್ಲಿ ಒಂದು ಪಾಲು ಟಿಕೆಟ್ಟಿಗೆ ಹೋಗಿ, ಮಗುವಿಗೆ ನೋಟ್‌ಬುಕ್ ಇಲ್ಲದೆ ಬಂದದ್ದನ್ನು ಒಂದೆರಡು ಸಲವಲ್ಲ, ವರ್ಷವರ್ಷವೂ ಕಂಡಿದ್ದೇನೆ. 2024ರಲ್ಲಿ ಓಣಂ ಬಂಪರಿನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಇಲ್ಲಿನ ಎಷ್ಟು ಜನ ಗಡಿ ದಾಟಿ ಟಿಕೆಟ್ ತಂದರೆಂಬುದನ್ನೂ ಬಲ್ಲೆ. ತೆರಿಗೆ ಕಟ್ಟುವುದು ನಾಗರಿಕನ ಕರ್ತವ್ಯವೆಂದು ತರಗತಿಯಲ್ಲಿ ಹೇಳಿಕೊಟ್ಟ ನಾವು, ಈಗ ಅದನ್ನು ಅದೃಷ್ಟದಾಟದ ಮೂಲಕ ಕಲಿಸುವುದು ಸರಿಯೇ?

ಆದರೂ ಒಂದು ವಿಷಯವನ್ನು ಒಪ್ಪಿಕೊಳ್ಳುತ್ತೇನೆ. ಅದೇ ಕೇರಳ 2022ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಲಕ್ಕಿ ಬಿಲ್’ ಆ್ಯಪ್‌ನಲ್ಲಿ ಬಿಲ್ಲಿನ ಚಿತ್ರ ಸೇರಿಸಿದವರಿಗೆ ನಗದಿನ ಜೊತೆಗೆ ಕುಡುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸಿದ ಪದಾರ್ಥಗಳ ಪೊಟ್ಟಣಗಳನ್ನು ಸಹ ಬಹುಮಾನವಾಗಿ ಇಟ್ಟಿದ್ದರು. ಬಹುಮಾನ ಇರಲೇಬೇಕಾದರೆ ಇಂಥದ್ದಿರಲಿ. ಪೋರ್ಚುಗಲ್ ದೇಶದಲ್ಲಿ 2014ರಲ್ಲಿ ಬಿಲ್ ಲಾಟರಿಗೆ ದುಬಾರಿ ಆಡಿ ಕಾರುಗಳನ್ನು ಕೊಡಲು ಆರಂಭಿಸಿ, ಎರಡು ವರ್ಷಗಳ ನಂತರ ಅದನ್ನು ಬಿಟ್ಟು ಸರ್ಕಾರಿ ಉಳಿತಾಯ ಪತ್ರಗಳನ್ನು ಕೊಡತೊಡಗಿದರು. ಕಾರಿಗಿಂತ ಉಳಿತಾಯ ಪತ್ರವೇ ನನಗೆ ಹೆಚ್ಚು ಮರ್ಯಾದೆಯದ್ದಾಗಿ ಕಾಣುತ್ತದೆ.

ಉತ್ತರ 4 (ಕುಶಾಲನಗರದ ತೆರಿಗೆ ಸಲಹೆಗಾರ)

ಮಾಸ್ತರರ ಸಂಕಟ ನಿಜವಾದದ್ದು, ನಾನೂ ಲೈನ್ ಮನೆಗಳನ್ನು ಕಂಡವನೇ. ಆದರೆ ಟಿಕೆಟ್ ಲಾಟರಿಯಲ್ಲಿ ಮನುಷ್ಯ ಅದೃಷ್ಟವನ್ನು ಕೊಳ್ಳಲೆಂದೇ ಹಣ ತೆರುತ್ತಾನೆ, ಸೋತರೆ ಆ ಹಣ ಹೋಯಿತು. ಬಿಲ್ ಬಹುಮಾನದಲ್ಲಿ ಅವನು ಅಕ್ಕಿಗೋ ಸೀಮೆಂಟಿಗೋ ಕೊಟ್ಟ ಹಣಕ್ಕೆ ಅಕ್ಕಿಯೂ ಸೀಮೆಂಟೂ ಬಂದಿರುತ್ತದೆ, ಚೀಟಿಗೆಂದು ಒಂದು ಪೈಸೆಯನ್ನೂ ಕೊಟ್ಟಿರುವುದಿಲ್ಲ. ನಮ್ಮ ರಾಜ್ಯದ ನಿಷೇಧ ಟಿಕೆಟ್ ಮಾರುವ ಲಾಟರಿಯ ಮೇಲಿನದು. ಸರ್ಕಾರವೇ ಪುಕ್ಕಟೆಯಾಗಿ ಚೀಟಿ ಎತ್ತಿದರೆ ಅದು ಬೇರೆಯೇ ಎಂಬುದು ನನ್ನ ತಿಳಿವಳಿಕೆ. ತೈವಾನಿನಲ್ಲಿ ಜನರು ತಮ್ಮ ಬಿಲ್ಲುಗಳನ್ನು ಅಂಗಡಿಯ ಬಾಗಿಲಲ್ಲಿಟ್ಟ ಡಬ್ಬಿಗೆ ಹಾಕಿ ಸೇವಾ ಸಂಸ್ಥೆಗಳಿಗೆ ದಾನವಾಗಿ ಕೊಡುತ್ತಾರೆ, ಬಹುಮಾನ ಬಂದರೆ ಆ ಸಂಸ್ಥೆಗೆ. ಮಾಸ್ತರರಿಗೆ ಈ ಪದ್ಧತಿ ಒಪ್ಪಿಗೆಯಾಗಬಹುದೆಂದು ತಿಳಿದು ಬರೆದಿದ್ದೇನೆ.

ಗಾಳಿಬೀಡಿನ ಸೋದರಿಯವರು ಹೇಳಿದ್ದು ನನ್ನ ಮೊದಲ ಉತ್ತರದಲ್ಲಿ ಬಿಟ್ಟುಹೋಗಿತ್ತು, ಕ್ಷಮಿಸಬೇಕು. ಇಟಲಿಯು 2021ರಲ್ಲಿ ತಂದ ಬಿಲ್ ಲಾಟರಿ ನಗದುರಹಿತ ಪಾವತಿಗೆ ಮಾತ್ರ ಸೀಮಿತವಾಗಿತ್ತು, ತೈವಾನಿನದು ನಗದು ಕೊಟ್ಟವರಿಗೂ ಇದೆ. ನಮ್ಮ ಗುಡ್ಡಗಾಡಿಗೆ ಎರಡನೆಯದೇ ಸರಿ. ಕಾಂಪೋಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿಗಳ ವಿಷಯವೂ ಹಾಗೆಯೇ: ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ಶೇ 1ರಷ್ಟು ಕಟ್ಟುವ ಅವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ, ಅವರ ಬಿಲ್ಲಿನಲ್ಲಿ ತೆರಿಗೆಯ ಕಾಲಂ ಇರುವುದಿಲ್ಲ. ಆ ಬಿಲ್ಲನ್ನೂ ಚೀಟಿಗೆ ಸೇರಿಸಬೇಕೆಂದು ಸ್ಪಷ್ಟವಾಗಿ ಕೇಳದಿದ್ದರೆ, ದೊಡ್ಡ ಅಂಗಡಿಗಳ ಕಡೆಗೆ ಗಿರಾಕಿಗಳು ಹರಿದುಹೋಗುತ್ತಾರೆ.

ಪ್ರಶ್ನೆ ಕೇಳಿದವರಿಂದ (ಮಡಿಕೇರಿಯ ವ್ಯಾಪಾರಿ)

ಎಲ್ಲರಿಗೂ ಮನಸಾರೆ ವಂದನೆಗಳು. ನಿನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಗಲ್ಲಾದ ಪಕ್ಕದಲ್ಲಿಯೇ ಕುಳಿತು, ಆ ದಿನದ ಬಿಲ್ ಪುಸ್ತಕವನ್ನೂ ಫೋನಿನಲ್ಲಿ ಬಂದ ಜಮೆಗಳನ್ನೂ ಒಂದಕ್ಕೊಂದು ತಾಳೆ ಹಾಕಿ ನೋಡಿದೆ. ಜಮೆ 41 ಇದ್ದವು, ಬಿಲ್ 17. ಉಳಿದ 24ರಲ್ಲಿ ಹೆಚ್ಚಿನವು 200 ರೂಪಾಯಿಗಿಂತ ಕಡಿಮೆಯವು, ಅವುಗಳಿಗೆ ದಿನದ ಒಟ್ಟು ಬಿಲ್ ಬರೆದೆ. ಒಂದು ನನ್ನ ತಂಗಿ ಮಗನ ಫೀಸಿಗೆಂದು ಕಳುಹಿಸಿದ ಹಣ, ಇನ್ನೊಂದು ಚೀಟಿ ಫಂಡಿನದು. ನಾಲ್ಕು ಮಾತ್ರ ನಾನು ಬಿಲ್ ಬರೆಯಬೇಕಾಗಿದ್ದು, ಜನ ತುಂಬಿದ್ದರಿಂದ ಬರೆಯದೆ ಬಿಟ್ಟವು. ಅವುಗಳನ್ನೂ ಬರೆದು ಮುಗಿಸಿದಾಗ ಹತ್ತೂವರೆ ಗಂಟೆ. ಇಲಾಖೆಯವರು ಬರೀ ಜಮೆಯನ್ನು ನೋಡಿದರೆ ತಂಗಿಯ ಹಣವೂ ನನ್ನ ವ್ಯಾಪಾರವಾಗುತ್ತದೆ, ಬರೀ ಬಿಲ್ಲನ್ನು ನೋಡಿದರೆ ನಾಲ್ಕು ಮಾರಾಟ ಮರೆಯಾಗುತ್ತವೆ ಎಂಬುದು ನನಗೆ ನಿನ್ನೆಯೇ ಮನದಟ್ಟಾದದ್ದು.

ಮನವಿಯ ಕರಡು ಹೀಗಿದೆ. ಯುಪಿಐ ಜಮೆಯೊಂದನ್ನೇ ಆಧಾರ ಮಾಡಿಕೊಂಡು ನೋಟಿಸ್ ಕಳುಹಿಸುವುದಿಲ್ಲವೆಂಬ ಲಿಖಿತ ಭರವಸೆಯನ್ನು ಮೊದಲು ಕೇಳುತ್ತೇವೆ, ಏಕೆಂದರೆ ಅದಿಲ್ಲದೆ ಬಹುಮಾನ ಬಂದರೆ ಬಿಲ್ ಕೇಳಿದ ಗಿರಾಕಿಯನ್ನೇ ಅಂಗಡಿಯವರು ಅನುಮಾನದಿಂದ ನೋಡುತ್ತಾರೆ. ಬಳಿಕ, ನಗದಿನ ಬಿಲ್ಲಿಗೂ ಕಾಂಪೋಸಿಷನ್ ಬಿಲ್ಲಿಗೂ ಚೀಟಿಯಲ್ಲಿ ಸ್ಥಾನವಿರಬೇಕು. ನೋಂದಣಿಯ ಮಿತಿಗಿಂತ ಕೆಳಗಿರುವವರು ಗೋಡೆಗೆ ಹಾಕಿಕೊಳ್ಳಲು ‘ಈ ಸಂಸ್ಥೆಗೆ ಜಿಎಸ್‌ಟಿ ನೋಂದಣಿ ಅಗತ್ಯವಿಲ್ಲ’ ಎಂಬ ಪ್ರಮಾಣಪತ್ರವನ್ನು ಇಲಾಖೆಯೇ ಕೊಡಬೇಕು. ಕೋಟಿಯ ಒಂದು ಬಹುಮಾನದ ಬದಲು ತಾಲ್ಲೂಕಿಗೆ ಇಷ್ಟೆಂದು ಸಣ್ಣ ಬಹುಮಾನಗಳಿರಬೇಕು, ಅವು ಇಲ್ಲಿನ ಸ್ತ್ರೀಶಕ್ತಿ ಗುಂಪುಗಳ ಜೇನು, ಕಾಫಿ ಪುಡಿ, ಉಪ್ಪಿನಕಾಯಿಗಳಾದರೂ ಸರಿ. ಬಿಲ್ ಲೆಕ್ಕಕ್ಕೆ ಸೇರಿದೆಯೇ ಎಂದು ಗಿರಾಕಿಯೇ ನೋಡಿಕೊಳ್ಳುವ ವ್ಯವಸ್ಥೆಯನ್ನೂ ಕೇಳಬೇಕೆಂದಿದ್ದೇನೆ. ಇದಕ್ಕೆ ನಮ್ಮವರಲ್ಲಿಯೇ ವಿರೋಧ ಬರುತ್ತದೆಂದು ಗೊತ್ತಿದೆ, ಆದರೂ ಬರೆಯುತ್ತೇನೆ.

ಗಾಳಿಬೀಡಿನ ಅಕ್ಕನವರೇ, ತಮ್ಮ ರಸೀದಿ ಪುಸ್ತಕದ ವಿಷಯವನ್ನು ಮನವಿಯ ಎರಡನೆಯ ಪುಟದಲ್ಲಿ, ತಮ್ಮ ಗುರುತು ಸಿಗದಂತೆ, ತಾವು ಬರೆದ ಮಾತುಗಳಲ್ಲಿಯೇ ಸೇರಿಸಲು ಅನುಮತಿ ಕೊಡುವಿರಾ? ಬರುವ ಶುಕ್ರವಾರ ಸಂತೆ ಮುಗಿದ ಮೇಲೆ ನಾವು ಮತ್ತೆ ಸೇರುತ್ತೇವೆ. ಅಷ್ಟರೊಳಗೆ ತಿಳಿಸಿದರೆ ಅಂದೇ ಸಹಿ ಹಾಕಿಸುತ್ತೇನೆ.